ಮಂಜಿನ ಪೋಸ್ಟರ್ ನೋಡಿ ಅಪ್ಪ "ಯಾವ ಹೋಂಸ್ಟೇ?" ಅಂದರು

ಪ್ರಶ್ನೆ (ಸಾಗರದಿಂದ):

ಅಕ್ಕಾ, ನಾವು ನಾಲ್ಕು ಜನ ಸೇರಿ ಬ್ಯಾಂಡ್ ಮಾಡಿಕೊಂಡಿದ್ದೇವೆ. ಆರು ಕನ್ನಡ ಹಾಡುಗಳ ಆಲ್ಬಂ ರೆಡಿ ಇದೆ. ಹಿಂದೆ ಯಾವ ಕಂಪನಿಯೂ ಇಲ್ಲ, ಎಲ್ಲ ನಮ್ಮದೇ ದುಡ್ಡು, ಇಂಡಿ ಅಂತಾರಲ್ಲ ಹಾಗೆ. ದೀಪಾವಳಿ ಕಳೆದ ಮೇಲೆ ನವೆಂಬರ್‌ನಲ್ಲಿ ಬಿಡುಗಡೆ. ಸಾಗರ, ಶಿವಮೊಗ್ಗ, ತೀರ್ಥಹಳ್ಳಿಯಲ್ಲಿ ಅಂಟಿಸೋದಕ್ಕೆ ಎ3 ಪೋಸ್ಟರ್ ಬೇಕು. ನಮ್ಮ ಡ್ರಮ್ಮರ್ ಒಂದು ಡಿಸೈನ್ ಮಾಡಿದ್ದಾನೆ, ಕೆಳಗೆ ಹಾಕಿದ್ದೇನೆ. ಹಾಳೆ ತುಂಬ ಮಂಜು ಕವಿದ ಗುಡ್ಡದ ಫೋಟೋ. ಬಲ ಮೂಲೆಯಲ್ಲಿ ಬ್ಯಾಂಡ್ ಹೆಸರು, ತೆಳ್ಳಗಿನ ಬಿಳಿ ಇಂಗ್ಲಿಷ್ ಅಕ್ಷರದಲ್ಲಿ. ದಿನಾಂಕ ಇಲ್ಲ, ಆಲ್ಬಂ ಹೆಸರೂ ಇಲ್ಲ. "ಇಂಡಿ ಪೋಸ್ಟರ್ ಅಂದ್ರೆ ಹೀಗೇ ಇರಬೇಕು, ಜಾಸ್ತಿ ಬರೆದರೆ ಸಿನಿಮಾ ಪೋಸ್ಟರ್ ಆಗುತ್ತೆ" ಅನ್ನುತ್ತಾನೆ. ಅಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ "ಇದು ಯಾವ ಹೋಂಸ್ಟೇದು?" ಅಂದರು. ಇಂಡಿ ಪೋಸ್ಟರ್‌ಗೆ ನಿಜವಾಗಿ ನಿಯಮ ಅಂತ ಏನಾದರೂ ಇದೆಯಾ?

ಉತ್ತರ (ಶಿವಮೊಗ್ಗದ ಡಿಸೈನರ್):

ಮೊದಲು ಅಪ್ಪನಿಗೆ ಒಂದು ನಮಸ್ಕಾರ ಹೇಳಿ. ಅವರು ಪೋಸ್ಟರನ್ನು ಸರಿಯಾಗಿಯೇ ಓದಿದ್ದಾರೆ. ಬೆಂಗಳೂರಿನವರಿಗೆ ಮಂಜಿನ ಗುಡ್ಡ ನೋಡಿದರೆ ಒಂಟಿತನ, ಮೌನ, ಏನೇನೋ ಅನ್ನಿಸಬಹುದು. ನಮ್ಮ ಕಡೆ ಅದನ್ನೇ ನೋಡಿದರೆ "ಊಟ ತಿಂಡಿ ಸೇರಿ ತಲೆಗೆ ಇಷ್ಟು" ಅಂತ ಕಾಣಿಸುತ್ತದೆ. ಆಗುಂಬೆ ಕಡೆ ಒಂದು ಸಲ ಹೋಗಿ ಬನ್ನಿ, ದಾರಿಯುದ್ದಕ್ಕೂ ನಿಮ್ಮ ಡ್ರಮ್ಮರ್ ಮಾಡಿದ ಪೋಸ್ಟರೇ ಇದೆ, ಫೋನ್ ನಂಬರ್ ಸಮೇತ.

ಬರೆದಿಟ್ಟ ನಿಯಮ ಇಲ್ಲ. ರೂಢಿ ಇದೆ. ಆ ರೂಢಿ ಹುಟ್ಟಿದ್ದು ಬಡತನದಲ್ಲಿ. 1977ರ ಜನವರಿಯಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಬಜ್‌ಕಾಕ್ಸ್ ಅನ್ನುವ ಬ್ಯಾಂಡು ಮನೆಯವರು, ಗೆಳೆಯರ ಹತ್ತಿರ ಸುಮಾರು 500 ಪೌಂಡ್ ಸಾಲ ಮಾಡಿ ತಾನೇ ರೆಕಾರ್ಡ್ ಹೊರಡಿಸಿತು. ಹೊದಿಕೆಗೆ ಒಂದು ಪೋಲರಾಯ್ಡ್ ಫೋಟೋ, ಕಪ್ಪು ಬಿಳುಪು. ಆ ಕಾಲದ ಇಂಥ ಹುಡುಗರ ಪೋಸ್ಟರುಗಳು ಎಷ್ಟೋ ಸಲ ಜೆರಾಕ್ಸ್ ಮೆಷಿನ್ನಿನಲ್ಲೇ ಆಗುತ್ತಿದ್ದವು. ಒಂದೇ ಬಣ್ಣ, ಒರಟು ಚುಕ್ಕಿ, ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ಅಕ್ಷರ. ಬೇರೆ ದಾರಿ ಇರಲಿಲ್ಲ. ಈಗ ನಾವು ಅದನ್ನೇ ಸಾವಿರಾರು ರೂಪಾಯಿಯ ಸಾಫ್ಟ್‌ವೇರಿನಲ್ಲಿ ಕೂತು, ಬೇಕಂತಲೇ ಚುಕ್ಕಿ ಎಬ್ಬಿಸಿ ಮಾಡುತ್ತೇವೆ.

ಹೆಸರು ಅಡಗಿಸುವ ಚಟಕ್ಕೂ ಒಂದು ಮೂಲ ಇದೆ. 1979ರಲ್ಲಿ ಜಾಯ್ ಡಿವಿಷನ್ ಬ್ಯಾಂಡಿನ ಮೊದಲ ಆಲ್ಬಂಗೆ ಪೀಟರ್ ಸ್ಯಾವಿಲ್ ಮಾಡಿದ ಮುಖಪುಟದಲ್ಲಿ ಬ್ಯಾಂಡ್ ಹೆಸರೂ ಇಲ್ಲ, ಆಲ್ಬಂ ಹೆಸರೂ ಇಲ್ಲ. ಕಪ್ಪಿನ ಮೇಲೆ ಬಿಳಿ ಗೆರೆಗಳು, ಅಷ್ಟೇ. ಅವು ಒಂದು ಪಲ್ಸಾರ್ ನಕ್ಷತ್ರದಿಂದ ಬಂದ ರೇಡಿಯೋ ಸಂಕೇತದ ಗೆರೆಗಳು. (ಆ ಟೀಶರ್ಟ್ ಹಾಕಿದ ಹುಡುಗರು ನಮ್ಮ ಶಿವಮೊಗ್ಗದ ಗೋಪಿ ಸರ್ಕಲ್‌ನಲ್ಲೂ ಓಡಾಡುತ್ತಾರೆ. ಕೇಳಿದರೆ "ಇದು ಡಿಸೈನು" ಅನ್ನುತ್ತಾರೆ. ತಪ್ಪೇನಿಲ್ಲ.) ಆದರೆ ಅದು ಮುಖಪುಟ. ಅಂಗಡಿಗೆ ಹೋದವನು ಕೈಗೆ ಎತ್ತಿಕೊಂಡು ತಿರುಗಿಸಿ ನೋಡುವ ವಸ್ತು. ಗೋಡೆ ಮೇಲಿನ ಪೋಸ್ಟರನ್ನು ಯಾರೂ ತಿರುಗಿಸಿ ನೋಡೋದಿಲ್ಲ ಅಲ್ವಾ?

ಇಂಗ್ಲೆಂಡಿನ ಸಂಗೀತ ವಾರಪತ್ರಿಕೆಗಳಲ್ಲಿ ಬರುತ್ತಿದ್ದ ಇಂಡಿ ಆಲ್ಬಂ ಜಾಹೀರಾತುಗಳನ್ನು ಗಮನಿಸಿ. ನೋಡೋದಕ್ಕೆ ಖಾಲಿ ಖಾಲಿ ಇದ್ದರೂ ಬೇಕಾದ್ದೆಲ್ಲ ಅದರಲ್ಲಿ ಇರುತ್ತದೆ. ಆಲ್ಬಂ ಮುಖಪುಟದ ಚಿತ್ರವೇ ದೊಡ್ಡದಾಗಿ, ಅಥವಾ ಅದರದೇ ಒಂದು ತುಣುಕು. ಅಂಗಡಿಯಲ್ಲಿ ಕಂಡಾಗ ಗುರುತು ಹತ್ತಲಿ ಅಂತ. ಬ್ಯಾಂಡ್ ಹೆಸರು, ಆಮೇಲೆ ಆಲ್ಬಂ ಹೆಸರು. ಬುಡದಲ್ಲಿ ಒಂದೇ ಪಟ್ಟಿ: ಯಾವತ್ತು ಬಿಡುಗಡೆ, ಜನರಿಗೆ ಆಗಲೇ ಗೊತ್ತಿರುವ ಒಂದು ಹಾಡಿನ ಹೆಸರು, ಲೇಬಲ್‌ನ, ಅಂದರೆ ಆಲ್ಬಂ ಹೊರಡಿಸಿದ ಕಂಪನಿಯ, ಗುರುತು. ಖಾಲಿ ಜಾಗ ಬಿಟ್ಟಿರೋದು ಈ ನಾಲ್ಕು ಮಾತು ಕೇಳಲಿ ಅಂತ. ನಿಮ್ಮ ಪೋಸ್ಟರಿನಲ್ಲಿ ಮೌನ ಚೆನ್ನಾಗಿದೆ, ಮಾತೇ ಇಲ್ಲ.

ತೀರ್ಥಹಳ್ಳಿಯಿಂದ ಒಬ್ಬರು:

ಮೇಡಂ, ಹಾಗಾದರೆ ಐದು ಸ್ಟಾರ್ ಹಾಕಬಹುದಾ? ಹೊರಗಿನ ಪೋಸ್ಟರ್‌ಗಳಲ್ಲಿ ಪತ್ರಿಕೆಯವರು ಕೊಟ್ಟ ಸ್ಟಾರ್ ಇರುತ್ತಲ್ಲ.

ಉತ್ತರ:

ಯಾರಾದರೂ ಕೊಟ್ಟಿದ್ದರೆ ಹಾಕಿ, ಮಾರಾಯ್ರೆ. ಕೊಟ್ಟವರ ಹೆಸರು ಕೆಳಗೆ ಬರಬೇಕು. ನಾವೇ ಕೊಟ್ಟುಕೊಂಡರೆ ಊರಲ್ಲಿ ಎರಡೇ ದಿನಕ್ಕೆ ಗೊತ್ತಾಗುತ್ತೆ.

ಪ್ರಶ್ನೆ (ಸಾಗರದಿಂದ, ಮತ್ತೆ):

ಹೆಸರನ್ನು ಕನ್ನಡದಲ್ಲಿ ಹಾಕಿ ನೋಡಿದೆವು ಅಕ್ಕಾ. ಇಂಗ್ಲಿಷಿನಲ್ಲಿ ಅಕ್ಷರ ಬಿಡಿಬಿಡಿಯಾಗಿ, ತೆಳ್ಳಗೆ ಇಟ್ಟಾಗ ಚೆಂದ ಕಾಣುತ್ತಿತ್ತು. ಕನ್ನಡದಲ್ಲಿ ಹಾಗೇ ಮಾಡಿದರೆ ಹಲ್ಲು ಉದುರಿದ ಬಾಯಿ ಥರ ಆಯಿತು.

ಉತ್ತರ:

ಆಗಲೇಬೇಕು. ಇಂಗ್ಲಿಷ್ ಇಂಡಿ ಪೋಸ್ಟರಿನ ಎರಡು ದೊಡ್ಡ ಆಟ ಅಂದರೆ, ಎಲ್ಲವನ್ನೂ ಸಣ್ಣಕ್ಷರದಲ್ಲಿ ಬರೆಯೋದು, ಇಲ್ಲ ದೊಡ್ಡಕ್ಷರಗಳನ್ನು ದೂರ ದೂರ ಇಡೋದು. ನಮ್ಮಲ್ಲಿ ದೊಡ್ಡಕ್ಷರ ಸಣ್ಣಕ್ಷರ ಅನ್ನೋದೇ ಇಲ್ಲ. ಅಕ್ಷರಗಳ ನಡುವೆ ಜಾಗ ಎಳೆದರೆ ಒತ್ತು ಒಂದು ಕಡೆ, ದೀರ್ಘ ಇನ್ನೊಂದು ಕಡೆ ಹೋಗಿ ನಿಲ್ಲುತ್ತದೆ. ತೆಳ್ಳಗಿನ ಫಾಂಟಿನಲ್ಲಿ ಕನ್ನಡದ ಸುತ್ತುಗಳು ಮೂರಡಿ ದೂರದಿಂದಲೇ ಮಾಯ. ಹಾಗಾಗಿ ಬಿಡುವು ಬೇಕಿದ್ದರೆ ಪದದ ಸುತ್ತ ಬಿಡಿ, ಪದದ ಒಳಗೆ ಬೇಡ.

ನೀವು ಹಾಕಿದ ಚಿತ್ರವನ್ನು ಹಿಗ್ಗಿಸಿ ನೋಡಿದೆ. ಆಲ್ಬಂ ಹೆಸರಿನಲ್ಲಿ ಒಂದು "ಷ್ಟ" ಇದೆ ಅಲ್ವಾ, ಅದು "ಷ್‌ಟ" ಅಂತ ಒಡೆದಿದೆ. ಫಾಂಟಿನ ತಪ್ಪಲ್ಲ. ಫೋಟೋಶಾಪಿನ ಟೈಪ್ ಸೆಟ್ಟಿಂಗಿನಲ್ಲಿ ಭಾರತೀಯ ಭಾಷೆಗಳ ಲೇಔಟ್ ಆಯ್ಕೆ ಮಾಡಿಕೊಳ್ಳಿ. ವರ್ಲ್ಡ್ ರೆಡಿ ಅಂತ ಇರುತ್ತದೆ. ಸರಿಹೋಗುತ್ತದೆ. ಎರಡನೇ ಸಾಲು ಮೇಲಿನ ಸಾಲಿಗೆ ಅಂಟಿಕೊಂಡಿದೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಕೂತಿದೆ. ಇಂಗ್ಲಿಷ್‌ಗೆ ಕೊಡುವ ಸಾಲಿನ ಅಂತರ ಕನ್ನಡಕ್ಕೆ ಸಾಲದು, ಜಾಸ್ತಿ ಕೊಡಿ.

ಫಾಂಟ್ ಯಾವುದು ಅಂತ ಕೇಳುತ್ತೀರಿ, ಗೊತ್ತು. ಅನೇಕ್ ಕನ್ನಡ ಉಚಿತವಾಗಿ ಸಿಗುತ್ತದೆ, ತೆಳುವಿನಿಂದ ದಪ್ಪದವರೆಗೆ ಎಲ್ಲ ಇದೆ. ಬಾಲೂ ತಮ್ಮ ಒಳ್ಳೆಯ ಫಾಂಟೇ, ಆದರೆ ಯೂಟ್ಯೂಬಿನ ಅಡುಗೆ ಚಾನಲ್ಲುಗಳ ನೆನಪು ಬರುತ್ತದೆ. ನಿಜ ಹೇಳಬೇಕಂದ್ರೆ, ನಿಮ್ಮ ಜಾಗದಲ್ಲಿ ನಾನಿದ್ದರೆ ಫಾಂಟ್ ಹುಡುಕೋದೇ ಇಲ್ಲ. ಊರಲ್ಲಿ ಇನ್ನೂ ಕೈಯಲ್ಲಿ ಬೋರ್ಡ್ ಬರೆಯುವವರು ಒಬ್ಬರಾದರೂ ಇರುತ್ತಾರೆ. ಅವರ ಹತ್ತಿರ ಹೋಗಿ ಆ ಒಂದು ಹೆಸರನ್ನು ಬ್ರಷ್ಷಿನಲ್ಲಿ ನಾಲ್ಕೈದು ಥರ ಬರೆಸಿ, ದುಡ್ಡು ಕೊಟ್ಟು, ಸ್ಕ್ಯಾನ್ ಮಾಡಿಸಿಕೊಳ್ಳಿ. ಆ ಅಕ್ಷರ ಇನ್ಯಾರ ಆಲ್ಬಂ ಮೇಲೂ ಇರೋದಿಲ್ಲ.

ಅಳತೆಗೆ ಬೋರ್ಡಿನವರದೇ ಒಂದು ಲೆಕ್ಕ ಇದೆ: 10 ಅಡಿ ದೂರಕ್ಕೆ 1 ಇಂಚಿನ ಅಕ್ಷರ. ರಸ್ತೆಯ ಆಚೆ ಬದಿ, ಅಂದರೆ 25 ಅಡಿಯಿಂದ ಓದಬೇಕಿದ್ದರೆ ಎರಡೂವರೆ ಇಂಚು. ಎ3 ಹಾಳೆ ಅಗಲ ಹನ್ನೆರಡು ಇಂಚಿಗೂ ಸ್ವಲ್ಪ ಕಮ್ಮಿ. ನಿಮ್ಮ ಹೆಸರು ನಾಲ್ಕೇ ಅಕ್ಷರ, ಆರಾಮಾಗಿ ಕೂರುತ್ತದೆ. ಈಗ ಅದು ಇರೋದು ಕಾಲು ಇಂಚು.

ಪ್ರೆಸ್ ಇಟ್ಟುಕೊಂಡಿರುವ ಒಬ್ಬರು, ಶಿವಮೊಗ್ಗ:

ನಡುವೆ ಬಾಯಿ ಹಾಕುತ್ತೇನೆ. ಮೊಬೈಲಿನಲ್ಲಿ ಕಾಣುವ ಆ ಹಸಿರು ಪ್ರಿಂಟಿನಲ್ಲಿ ಬರೋದಿಲ್ಲ. ನಾಲ್ಕು ಬಣ್ಣಕ್ಕೆ ಇಳಿದಾಗ ಮಂಕಾಗುತ್ತದೆ. ಮಂಜಿನ ಭಾಗ ಇನ್ನೂ ಕಷ್ಟ. ತೀರಾ ತಿಳಿ ಬೂದು ಹಾಳೆಯಲ್ಲಿ ಬಿಳಿಯೇ ಆಗಿಬಿಡುತ್ತೆ, ಇಲ್ಲ ಪಟ್ಟೆ ಪಟ್ಟೆ ಬರುತ್ತೆ. ಐವತ್ತು ನೂರು ಕಾಪಿ ಆದರೆ 12/18 ಇಂಚಿನ ಶೀಟಿನಲ್ಲಿ ಡಿಜಿಟಲ್ ತೆಗೆಸಿ, ಆಫ್‌ಸೆಟ್ ಪ್ಲೇಟಿನ ಖರ್ಚು ದಂಡ. ಸುತ್ತ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸುವಾಗ ಹೋಗುವ ಹೆಚ್ಚುವರಿ ಅಂಚು) ಬಿಟ್ಟು ಪಿಡಿಎಫ್ ಕೊಡಿ. ದಯವಿಟ್ಟು ವಾಟ್ಸಾಪಿನಲ್ಲಿ ಫೋಟೋ ಕಳಿಸಿ "ಇದನ್ನೇ ಹೊಡೀರಿ" ಅನ್ನಬೇಡಿ. ದಿನಾ ನಾಲ್ಕು ಜನ ಅಂತಾರೆ.

ಉತ್ತರ:

ಅಣ್ಣ ಹೇಳಿದ್ದು ನೂರಕ್ಕೆ ನೂರು. ಇನ್ನೊಂದು ಸೇರಿಸುತ್ತೇನೆ, ಇದು ನಾನೇ ಮಾಡಿಕೊಂಡ ಎಡವಟ್ಟು. ಶುರುವಿನಲ್ಲಿ ಒಂದು ನಾಟಕದ ಪೋಸ್ಟರ್ ಮಾಡಿದ್ದೆ. ಅಕ್ಷರಗಳನ್ನು ಕರ್ವ್ಸ್ ಮಾಡದೆ, ಅಂದರೆ ಫಾಂಟ್ ಬೇಡದ ಚಿತ್ರದ ಗೆರೆಗಳಾಗಿ ಬದಲಿಸದೆ, ಫೈಲ್ ಕಳಿಸಿದೆ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ಇನ್ನೂರು ಕಾಪಿಯಲ್ಲಿ ಮುಖ್ಯ ಪಾತ್ರಧಾರಿಯ ಹೆಸರಿನ ಒತ್ತೇ ಇಲ್ಲ. ಅವರು ನೋಡಿ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಬೇಜಾರಾಯಿತು. ಇನ್ನೂರನ್ನೂ ನನ್ನ ದುಡ್ಡಲ್ಲಿ ಮತ್ತೆ ಹೊಡೆಸಿದೆ.

ಸೊರಬದಿಂದ ಒಬ್ಬರು:

ಲೋಕಲ್ ಟಚ್ ಬೇಕಂದ್ರೆ ಸುತ್ತ ಹಸೆ ಚಿತ್ತಾರದ ಬಾರ್ಡರ್ ಹಾಕಿ. ನೆಟ್ಟಲ್ಲಿ ಸಿಗುತ್ತೆ, ಸೂಪರ್ ಆಗಿರುತ್ತೆ.

ಉತ್ತರ:

ಸೂಪರ್ ಆಗಿರುತ್ತೆ, ಸರಿ. ಆದರೆ ಸುಮ್ನೆ ಡೌನ್‌ಲೋಡ್ ಮಾಡಿ ಬಾರ್ಡರ್ ಸುತ್ತೋದು ನನಗೆ ಇಷ್ಟ ಇಲ್ಲ. ಚಿತ್ತಾರ ದೀವರ ಹೆಣ್ಣುಮಕ್ಕಳು ಮದುವೆಗೆ ಗೋಡೆ ಮೇಲೆ ಬರೆಯುವುದು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಪುಂಡಿ ನಾರಿನ ಕುಂಚ. ಒಂದೊಂದು ಗೆರೆಗೂ ಹೆಸರಿದೆ. ನಿಮ್ಮ ಹಾಡಿಗೂ ಅದಕ್ಕೂ ಸಂಬಂಧ ಇದ್ದರೆ ಬರೆಯುವವರ ಹತ್ತಿರವೇ ಹೋಗಿ ಬರೆಸಿ, ಗಿಟಾರ್ ನುಡಿಸಿದವರ ಹೆಸರಿನ ಪಕ್ಕದಲ್ಲೇ ಅವರ ಹೆಸರೂ ಇರಲಿ. ಸಂಬಂಧ ಇಲ್ಲದಿದ್ದರೆ ಬಿಟ್ಟುಬಿಡಿ. ಕಲಿಯೋದಕ್ಕೆ ಬೇಕಾದಷ್ಟಿದೆ ಅದರಲ್ಲಿ. ನಾಲ್ಕೇ ಬಣ್ಣ, ಬರೀ ಗೆರೆ, ಆದರೂ ಅಂಗಳದ ಆಚೆಯಿಂದ ಕಾಣುತ್ತದೆ.

ಪ್ರಶ್ನೆ (ಸಾಗರದಿಂದ):

ಕ್ಯೂಆರ್ ಕೋಡ್ ಹಾಕಿದರೆ ಸಾಕಲ್ವಾ ಅಕ್ಕಾ, ಎಲ್ಲ ವಿವರ ಅದರಲ್ಲೇ ಸಿಗುತ್ತೆ? ಮತ್ತೆ ಅಂಟಿಸೋದು ಎಲ್ಲಿ?

ಉತ್ತರ:

ಕೋಡ್ ಹಾಕಿ, ಆದರೆ ಅದನ್ನೇ ನಂಬಬೇಡಿ. ಸ್ಕ್ಯಾನ್ ಮಾಡುವ ದೂರದ ಹತ್ತರಲ್ಲಿ ಒಂದು ಪಾಲು ಅಳತೆ ಇರಬೇಕು. ಅರ್ಧ ಮೀಟರಿನಿಂದ ಅಂದರೆ 5 ಸೆಂಟಿಮೀಟರ್. ಸುತ್ತ ಬಿಳಿ ಅಂಚು ಬಿಡಿ. ನಿಮ್ಮ ಡ್ರಮ್ಮರ್ ಖಂಡಿತ ಅದನ್ನು ಮಂಜಿನ ಮೇಲೆ ಬಿಳಿಯಲ್ಲಿ ಹಾಕುತ್ತಾನೆ, ಬಿಡಬೇಡಿ. ಬಿಳಿಯ ಮೇಲೆ ಕಪ್ಪೇ ಇರಲಿ. ಇನ್ನು ನೆಟ್‌ವರ್ಕ್. ಹೊಸನಗರದ ಕಡೆಯ ಬಸ್ ಸ್ಟಾಪಿನಲ್ಲಿ ಸ್ಕ್ಯಾನ್ ಮಾಡಿದವನ ಫೋನಿನಲ್ಲಿ ಚಕ್ರ ತಿರುಗುತ್ತಲೇ ಇರುತ್ತದೆ, ಬಸ್ಸು ಬಂದುಬಿಡುತ್ತದೆ. ಮನೆಗೆ ಹೋದ ಮೇಲೆ ಹುಡುಕೋದಕ್ಕೆ ಅವನಿಗೆ ಹೆಸರು ನೆನಪಿರಬೇಕು. ಅದಕ್ಕೇ ಕನ್ನಡದ ಹೆಸರು ದೊಡ್ಡದಾಗಿ, ಕೆಳಗೆ ಹಾಡು ಕೇಳುವ ಆ್ಯಪಿನಲ್ಲಿ ಯಾವ ಸ್ಪೆಲಿಂಗ್ ಕೊಟ್ಟಿದ್ದೀರೋ ಅದೇ ಇಂಗ್ಲಿಷ್ ಸ್ಪೆಲಿಂಗ್ ಚಿಕ್ಕದಾಗಿ.

ಹಾಗಂತ ಪೋಸ್ಟರ್ ಫೈಲನ್ನೇ ಚೌಕಕ್ಕೆ ಕತ್ತರಿಸಿ ಆ್ಯಪಿಗೆ ಹಾಕಬೇಡಿ. ಅಲ್ಲಿ ಮುಖಪುಟಕ್ಕೆ 3000 ಪಿಕ್ಸೆಲ್ ಚೌಕ ಕೇಳುತ್ತಾರೆ. ಕ್ಯೂಆರ್, ವೆಬ್ ವಿಳಾಸ ಇದ್ದರೆ ಆಪಲ್‌ನವರು ತೆಗೆದುಕೊಳ್ಳೋದಿಲ್ಲ.

ಅಂಟಿಸುವ ವಿಷಯ. ನವೆಂಬರ್ ಅಂದರೆ ಮಳೆ ಹೆಚ್ಚುಕಮ್ಮಿ ಮುಗಿದಿರುತ್ತದೆ, ಒಳ್ಳೆಯದು. ಆಷಾಢದಲ್ಲಿ ಅಂಟಿಸಿದ್ದರೆ ಮೈದಾ ಗೋಂದಿನ ಸಮೇತ ಚರಂಡಿಗೆ. ಆದರೆ ಯಕ್ಷಗಾನ ಮೇಳಗಳು ಹೊರಡೋದೂ ಆಗಲೇ. ನಿಮ್ಮ ಮಂಜಿನ ಪಕ್ಕದಲ್ಲೇ ಕಿರೀಟ ತೊಟ್ಟ ಬಣ್ಣದ ವೇಷ ಕಣ್ಣು ಬಿಟ್ಟುಕೊಂಡು ನಿಂತಿರುತ್ತದೆ. ಆ ಪೋಸ್ಟರನ್ನು ಒಂದು ಸಲ ನಿಂತು ನೋಡಿ. ಪ್ರಸಂಗದ ಹೆಸರು, ದಿನ, ಹೊತ್ತು, ಜಾಗ, ಯಾವುದೂ ತಪ್ಪಿರೋದಿಲ್ಲ. ಸೈಕಲ್ ಮೇಲೆ ಹೋಗುವವನೂ ಓದಿಕೊಳ್ಳುತ್ತಾನೆ. ನನ್ನ ಮಟ್ಟಿಗೆ ನಮ್ಮ ಕಡೆಯ ಒಳ್ಳೆಯ ಪೋಸ್ಟರ್ ಪಾಠ ಅದೇ. ಅದರ ಗಲಾಟೆ ನಿಮಗೆ ಬೇಡ, ಅದರ ಶಿಸ್ತು ಬೇಕು. ಎರಡೇ ಬಣ್ಣದಲ್ಲಿ ಮಾಡಿದರೆ ಅಷ್ಟೆಲ್ಲ ಬಣ್ಣದ ನಡುವೆ ನಿಮ್ಮ ಹಾಳೆ ತಾನಾಗಿ ಎದ್ದು ಕಾಣುತ್ತದೆ.

ಕಂಡವರ ಗೋಡೆಗೆ ಕೇಳದೆ ಅಂಟಿಸಬೇಡಿ. 1981ರ ಕಾನೂನೇ ಇದೆ ಅದಕ್ಕೆ. ಫ್ಲೆಕ್ಸ್ ಅಂತೂ ರಾಜ್ಯದಲ್ಲಿ 2016ರಲ್ಲೇ ನಿಷೇಧ ಆಗಿದೆ. ಕಾಲೇಜಿನ ನೋಟಿಸ್ ಬೋರ್ಡು, ಹೋಟೆಲ್ಲಿನ ಕೈ ತೊಳೆಯುವ ಜಾಗದ ಮೇಲಿನ ಗೋಡೆ, ಸಲೂನು. ಮಾಲೀಕರನ್ನು ಕೇಳಿದರೆ ಸಾಮಾನ್ಯವಾಗಿ ಬೇಡ ಅನ್ನೋದಿಲ್ಲ. ಸಲೂನಿನಲ್ಲಿ ಜನ ಇಪ್ಪತ್ತು ನಿಮಿಷ ಕೂತಿರುತ್ತಾರೆ, ಕಣ್ಣಿಗೆ ಬೇರೆ ಕೆಲಸ ಇರೋದಿಲ್ಲ.

ಪ್ರಶ್ನೆ (ಸಾಗರದಿಂದ, ಎಂಟು ದಿನದ ನಂತರ):

ಹೊಸ ಡಿಸೈನ್ ಹಾಕಿದ್ದೇನೆ ಅಕ್ಕಾ. ಗುಡ್ಡ ತೆಗೆದೆವು. ನಮ್ಮ ಮೂರನೇ ಹಾಡು ಅಡಕೆ ಸುಲಿಯುವ ರಾತ್ರಿಯ ಮೇಲಿದೆ, ಅದಕ್ಕೆ ಮೆಟ್ಟುಗತ್ತಿಯ ಚಿತ್ರ ಒಂದೇ ಇಟ್ಟಿದ್ದೇವೆ, ಕಪ್ಪು ಮತ್ತು ಕೆಮ್ಮಣ್ಣಿನ ಬಣ್ಣ. ಹೆಸರನ್ನು ಬೋರ್ಡ್ ಬರೆಯುವ ಅಜ್ಜರ ಹತ್ತಿರ ಬರೆಸಿದೆವು. ಅಪ್ಪ ಈ ಸಲ "ಯಾವಾಗ ಬರುತ್ತೆ ನಿಮ್ಮ ಹಾಡು?" ಅಂದರು. ಡ್ರಮ್ಮರ್ ಇನ್ನೂ ಸ್ವಲ್ಪ ಮುನಿಸಿಕೊಂಡಿದ್ದಾನೆ.

ಉತ್ತರ:

ಮೆಟ್ಟುಗತ್ತಿ ಚೆನ್ನಾಗಿದೆ, ಆ ಬಾಗಿದ ಅಲಗು ಹೆಸರಿನ ಮೊದಲ ಅಕ್ಷರದ ಸುತ್ತಿಗೆ ಹೊಂದಿಕೊಂಡಿದೆ. ಅಜ್ಜರ "ಷ್ಟ" ನೋಡುತ್ತಾ ಕೂತುಬಿಟ್ಟೆ. ಹಿಡಿಯ ಪಕ್ಕದ ನೆರಳು ತೆಗೆಯಿರಿ, ಪ್ರಿಂಟಿನಲ್ಲಿ ಕೊಳೆ ಥರ ಕಾಣುತ್ತೆ. ಮತ್ತೆ ಬುಡದ ಸಾಲಿನಲ್ಲಿ "2026 ನವೆಂಬರ್ 14, ಶುಕ್ರವಾರ" ಅಂತಿದೆ. 14 ಶನಿವಾರ ಬರುತ್ತದೆ. ಶುಕ್ರವಾರ 13. ಹೋದ ವರ್ಷದ ಕ್ಯಾಲೆಂಡರ್ ನೋಡಿದ್ದೀರೇನೋ. ಪ್ರೆಸ್ಸಿಗೆ ಕಳಿಸುವ ಮೊದಲು ಯಾವುದು ಅಂತ ನಾಲ್ಕೂ ಜನ ಕೂತು ತೀರ್ಮಾನ ಮಾಡಿ. ಡ್ರಮ್ಮರ್‌ನನ್ನೂ ಕರೆಯಿರಿ.