ವಿಲ್ ಸಾಕೋ, ಲಿವಿಂಗ್ ಟ್ರಸ್ಟ್ ಬೇಕೋ: ಅಮೆರಿಕದಲ್ಲಿ ಮಕ್ಕಳನ್ನು ಬೆಳೆಸುತ್ತಿರುವವರಿಗೆ

ವಿಲ್ ಮತ್ತು ಲಿವಿಂಗ್ ಟ್ರಸ್ಟ್ (ಬದುಕಿರುವಾಗಲೇ ಆಸ್ತಿಯನ್ನು ಅದರ ಹೆಸರಿಗೆ ಹಾಕಿ ನೀವೇ ನಡೆಸುವ ವ್ಯವಸ್ಥೆ) ಎರಡರಲ್ಲಿ ಯಾವುದು ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಚಿಕ್ಕ ಮಕ್ಕಳಿದ್ದರೆ ವಿಲ್ ಬೇಕೇ ಬೇಕು, ಟ್ರಸ್ಟ್ ಮಾಡಿಸಿದರೂ ಬೇಕು. ಅಪ್ಪ ಅಮ್ಮ ಇಬ್ಬರೂ ಇಲ್ಲವಾದರೆ ಮಕ್ಕಳು ಯಾರ ಮನೆಯಲ್ಲಿ ಬೆಳೆಯಬೇಕು ಅನ್ನುವುದನ್ನು ಬರೆದಿಡುವ ಜಾಗ ವಿಲ್. ಟ್ರಸ್ಟ್ ನೋಡಿಕೊಳ್ಳುವುದು ಮನೆ ಮತ್ತು ಹಣವನ್ನು. ಹಾಗಾಗಿ ನಿಜವಾದ ಪ್ರಶ್ನೆ, ವಿಲ್ ಜೊತೆಗೆ ಟ್ರಸ್ಟ್ ಕೂಡ ಬೇಕೋ ಬೇಡವೋ ಎಂಬುದು. ಅದಕ್ಕೆ ಉತ್ತರ ನೀವು ಯಾವ ರಾಜ್ಯದಲ್ಲಿದ್ದೀರಿ, ಮನೆ ಎಲ್ಲಿದೆ ಅನ್ನುವುದರ ಮೇಲಿದೆ.

ಗಾರ್ಡಿಯನ್ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ನಮ್ಮವರಿಗೆ ಕಷ್ಟ ಇರುವುದೇ ಇಲ್ಲಿ. ಅಜ್ಜ ಅಜ್ಜಿ, ದೊಡ್ಡಪ್ಪ, ಸೋದರಮಾವ ಎಲ್ಲರೂ ಊರಲ್ಲಿ. ವಿಲ್‌ನಲ್ಲಿ ತಮ್ಮನ ಹೆಸರು ಬರೆದರೂ ಅವನು ವೀಸಾ ಪಡೆದು ಇಲ್ಲಿಗೆ ಬರುವಷ್ಟರಲ್ಲಿ ವಾರಗಳೇ ಕಳೆಯಬಹುದು. ಅಷ್ಟು ದಿನ ಮಕ್ಕಳು ಯಾರ ಬಳಿ ಇರಬೇಕೆಂದು ಬರೆದಿಲ್ಲದಿದ್ದರೆ, ಸರ್ಕಾರದ ಮಕ್ಕಳ ರಕ್ಷಣಾ ಇಲಾಖೆ ಅವರನ್ನು ವಶಕ್ಕೆ ತೆಗೆದುಕೊಳ್ಳುವ ಸಂಭವ ಇದೆ. ಆದ್ದರಿಂದ ಎರಡು ಹಂತದಲ್ಲಿ ಬರೆಯಿಸಿ: ಅರ್ಧ ಗಂಟೆಯಲ್ಲಿ ಮನೆಗೆ ಬರಬಲ್ಲ ಸ್ನೇಹಿತರೊಬ್ಬರು ತಾತ್ಕಾಲಿಕ ಗಾರ್ಡಿಯನ್, ಆಮೇಲೆ ಮಕ್ಕಳನ್ನು ಬೆಳೆಸುವವರು ಶಾಶ್ವತ ಗಾರ್ಡಿಯನ್. ತಾತ್ಕಾಲಿಕ ನೇಮಕದ ಫಾರ್ಮ್ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ, ಅದನ್ನು ವಕೀಲರಿಂದಲೇ ಕೇಳಿ ಪಡೆಯಿರಿ. ಅದರ ಒಂದು ಪ್ರತಿ ಆ ಸ್ನೇಹಿತರ ಮನೆಯಲ್ಲಿರಲಿ, ಶಾಲೆಯ ತುರ್ತು ಸಂಪರ್ಕದ ಪಟ್ಟಿಯಲ್ಲೂ ಅವರ ಹೆಸರಿರಲಿ.

ಕೊನೆಯ ತೀರ್ಮಾನ ಕೋರ್ಟಿನದು, ಆದರೆ ಅಪ್ಪ ಅಮ್ಮ ಬರೆದ ಹೆಸರಿಗೆ ನ್ಯಾಯಾಧೀಶರು ತುಂಬ ಬೆಲೆ ಕೊಡುತ್ತಾರೆ. ಗಂಡ ಹೆಂಡತಿ ಇಬ್ಬರೂ ತಮ್ಮ ತಮ್ಮ ವಿಲ್‌ನಲ್ಲಿ ಒಂದೇ ಹೆಸರು ಬರೆಯಬೇಕು. ಅಣ್ಣ ಅತ್ತಿಗೆಯನ್ನು ಒಟ್ಟಿಗೆ ನೇಮಿಸುವುದಾದರೆ, ನಾಳೆ ಅವರು ಬೇರೆಯಾದರೆ ಯಾರು ಅನ್ನುವುದನ್ನೂ ಸೇರಿಸಿ. ಮಕ್ಕಳು ಊರಿಗೆ ಹೋಗಿ ಬೆಳೆಯಲಿ ಅನ್ನುವ ಇಷ್ಟ ಇದ್ದರೆ ಅವರಿಗೆ ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ನಾಗರಿಕರು ವೀಸಾ ಇಲ್ಲದೆ ಭಾರತದಲ್ಲಿರಲು ಬೇಕಾದ ಕಾರ್ಡ್) ಈಗಲೇ ಮಾಡಿಸಿಡಿ. 16 ವರ್ಷದೊಳಗಿನ ಮಗುವಿನ ಅಮೆರಿಕದ ಪಾಸ್‌ಪೋರ್ಟಿಗೆ ಅಪ್ಪ ಅಮ್ಮ ಇಬ್ಬರ ಒಪ್ಪಿಗೆ ಬೇಕು. ಇಬ್ಬರೂ ಇಲ್ಲದಾಗ ಗಾರ್ಡಿಯನ್ ಕೋರ್ಟ್ ಆದೇಶ ತೋರಿಸಬೇಕಾಗುತ್ತದೆ. ಪಾಸ್‌ಪೋರ್ಟಿನ ಅವಧಿ ಮುಗಿದಿದ್ದರೆ ಮಗು ಇಲ್ಲೇ ಸಿಕ್ಕಿಕೊಳ್ಳುತ್ತದೆ.

ಇನ್ನು ಹಣದ ಮಾತು. ಬರೀ ವಿಲ್ ಇದ್ದರೆ ನಿಮ್ಮ ಹೆಸರಲ್ಲಿರುವ ಆಸ್ತಿ ಪ್ರೊಬೇಟ್ ಕೋರ್ಟ್ ಮೂಲಕ ಹೋಗಬೇಕು, ಅಂದರೆ ಕೋರ್ಟ್ ವಿಲ್ ಪರಿಶೀಲಿಸಿ ಒಪ್ಪಿದ ಮೇಲೆಯೇ ಆಸ್ತಿ ವಾರಸುದಾರರಿಗೆ ಸೇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಇದು ದುಬಾರಿ. ವಕೀಲರ ಶುಲ್ಕವನ್ನು ಕಾನೂನೇ ಗೊತ್ತುಮಾಡಿದೆ: ಮೊದಲ 1 ಲಕ್ಷ ಡಾಲರಿಗೆ ಶೇ. 4, ಮುಂದಿನ 1 ಲಕ್ಷಕ್ಕೆ ಶೇ. 3, ಅದರ ಮೇಲಿನ 8 ಲಕ್ಷಕ್ಕೆ ಶೇ. 2, ಆಮೇಲೆ ಶೇ. 1. ಅಂದರೆ 10 ಲಕ್ಷ ಡಾಲರಿನ ಮನೆಗೆ 23,000 ಡಾಲರ್. ವಿಲ್ ಜಾರಿ ಮಾಡುವ ಎಕ್ಸಿಕ್ಯೂಟರ್‌ಗೂ ಅಷ್ಟೇ ಹಣ ಪಡೆಯುವ ಹಕ್ಕಿದೆ, ಒಟ್ಟು 46,000. ಇದರಲ್ಲಿ ಹೆಚ್ಚಿನವರು ಗಮನಿಸದ ಒಂದು ಅಂಶ ಇದೆ: ಲೆಕ್ಕ ಹಾಕುವುದು ಮನೆಯ ಪೂರ್ತಿ ಬೆಲೆಯ ಮೇಲೆ. 7 ಲಕ್ಷ ಸಾಲ ಬಾಕಿ ಇದ್ದರೂ ಕಳೆಯುವುದಿಲ್ಲ. ಕೆಲಸ ಮುಗಿಯಲು ಒಂದು ವರ್ಷದ ಮೇಲೂ ಹಿಡಿಯಬಹುದು. 2025ರ ಏಪ್ರಿಲ್ 1ರಿಂದ 7,50,000 ಡಾಲರ್‌ವರೆಗಿನ ವಾಸದ ಮನೆಗೆ ಸರಳ ಅರ್ಜಿಯ ದಾರಿ ಬಂದಿದೆ, ಆದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ಆ ಬೆಲೆಗೆ ಸಿಗುವ ಮನೆ ಎಷ್ಟಿವೆ? ಅಲ್ಲಿ ಮನೆ ಇರುವವರು ಟ್ರಸ್ಟ್ ಮಾಡಿಸುವುದೇ ಸರಿ.

ಟೆಕ್ಸಸ್, ನ್ಯೂಜೆರ್ಸಿ, ವಾಷಿಂಗ್ಟನ್ ರಾಜ್ಯಗಳ ಮಾತು ಬೇರೆ. ಟೆಕ್ಸಸ್‌ನಲ್ಲಿ ವಿಲ್‌ನಲ್ಲೇ ಸ್ವತಂತ್ರ ಆಡಳಿತಕ್ಕೆ ಅನುಮತಿ ಬರೆದಿದ್ದರೆ ಎಕ್ಸಿಕ್ಯೂಟರ್ ಪ್ರತಿ ಹೆಜ್ಜೆಗೂ ಕೋರ್ಟ್ ಮುಂದೆ ನಿಲ್ಲಬೇಕಿಲ್ಲ. ನ್ಯೂಜೆರ್ಸಿಯಲ್ಲಿ ತಕರಾರಿಲ್ಲದ ವಿಲ್ ಕೌಂಟಿಯಲ್ಲಿ ವಿಲ್‌ಗಳನ್ನು ನೋಡುವ ಸರೊಗೇಟ್ ಕಚೇರಿಯಲ್ಲೇ ಮುಗಿದುಹೋಗುತ್ತದೆ. ಇಂಥ ಕಡೆ ಒಂದೇ ಮನೆ, ಸಾಮಾನ್ಯ ಉಳಿತಾಯ ಇರುವ ಕುಟುಂಬಕ್ಕೆ ಒಳ್ಳೆಯ ವಿಲ್, ಅದರೊಳಗೇ ಮಕ್ಕಳಿಗಾಗಿ ಒಂದು ಟ್ರಸ್ಟ್ ಸಾಕು. ಈ ಬಗೆಯ ಟ್ರಸ್ಟ್ ನೀವು ತೀರಿಕೊಂಡ ಮೇಲೆ ಹುಟ್ಟುತ್ತದೆ, ಈಗಲೇ ಯಾವ ಆಸ್ತಿಯನ್ನೂ ಅದರ ಹೆಸರಿಗೆ ಮಾಡಬೇಕಿಲ್ಲ. ಆದರೆ ನೀವಿರುವುದು ಒಂದು ರಾಜ್ಯದಲ್ಲಿ, ಬಾಡಿಗೆಗೆ ಕೊಟ್ಟ ಮನೆ ಇನ್ನೊಂದರಲ್ಲಿ ಎಂದಾದರೆ ಎರಡೂ ಕಡೆ ಪ್ರೊಬೇಟ್ ಆಗಬೇಕು. ಆಗ ಲಿವಿಂಗ್ ಟ್ರಸ್ಟಿನ ಖರ್ಚು ಖಂಡಿತ ವ್ಯರ್ಥವಲ್ಲ.

ವಿಲ್ ಆಗಲಿ ಟ್ರಸ್ಟ್ ಆಗಲಿ ಮುಟ್ಟದ ಹಣವೂ ಇದೆ, ಎಷ್ಟೋ ಮನೆಗಳಲ್ಲಿ ದೊಡ್ಡ ಗಂಟೇ ಅದು: 401(ಕೆ) ಮತ್ತು ಐಆರ್‌ಎ ಎಂಬ ನಿವೃತ್ತಿ ಖಾತೆಗಳು, ಜೀವವಿಮೆ, ಆರೋಗ್ಯ ಖರ್ಚಿನ ಉಳಿತಾಯ ಖಾತೆಯಾದ ಎಚ್‌ಎಸ್‌ಎ. ಇವು ಬೆನಿಫಿಶಿಯರಿ ಫಾರ್ಮಿನಲ್ಲಿ ಯಾರ ಹೆಸರಿದೆಯೋ ಅವರಿಗೇ ಹೋಗುತ್ತವೆ. ವಿಲ್‌ನಲ್ಲಿ ಏನೇ ಬರೆದಿರಿ, ನಡೆಯುವುದು ಫಾರ್ಮೇ. ಮದುವೆಗೆ ಮುಂಚೆ ಕೆಲಸಕ್ಕೆ ಸೇರಿದವರ ಆಫೀಸ್ ವಿಮೆಯಲ್ಲಿ ಇನ್ನೂ ಅಪ್ಪನ ಹೆಸರೇ ಇರುವುದುಂಟು. ಇದಕ್ಕಿಂತ ಹೆಚ್ಚು ಕಾಣುವ ತಪ್ಪು, ಗಂಡ ಅಥವಾ ಹೆಂಡತಿಯ ನಂತರದ ಎರಡನೇ ಸಾಲಿನಲ್ಲಿ ನೇರವಾಗಿ ಮಕ್ಕಳ ಹೆಸರು ಹಾಕುವುದು. ಆರು ವರ್ಷದ ಮಗುವಿಗೆ ವಿಮಾ ಕಂಪನಿ ಚೆಕ್ ಕೊಡುವುದಿಲ್ಲ. ಆ ಹಣ ನೋಡಿಕೊಳ್ಳಲು ಕೋರ್ಟ್ ಒಬ್ಬರನ್ನು ನೇಮಿಸಬೇಕು, ಲೆಕ್ಕ ಕೋರ್ಟಿಗೆ ಒಪ್ಪಿಸುತ್ತಿರಬೇಕು, 18 ತುಂಬಿದ ದಿನ ಪೂರ್ತಿ ಮೊತ್ತ ಮಗುವಿನ ಕೈಗೆ. ಮೊದಲ ಸಾಲಿನಲ್ಲಿ ಸಂಗಾತಿ, ಎರಡನೇ ಸಾಲಿನಲ್ಲಿ ಮಕ್ಕಳ ಟ್ರಸ್ಟ್ ಎಂದು ಬರೆದರೆ ಇದೆಲ್ಲ ತಪ್ಪುತ್ತದೆ. 401(ಕೆ) ಖಾತೆಯಲ್ಲಿ ಸಂಗಾತಿಯನ್ನು ಬಿಟ್ಟು ಬೇರೆಯವರನ್ನು ಮೊದಲ ಸಾಲಿಗೆ ತರಲು ಸಂಗಾತಿಯ ಲಿಖಿತ ಒಪ್ಪಿಗೆ ಬೇಕು. ನಿವೃತ್ತಿ ಖಾತೆಯನ್ನೇ ಟ್ರಸ್ಟ್ ಹೆಸರಿಗೆ ಬದಲಾಯಿಸಲು ಮಾತ್ರ ಹೋಗಬೇಡಿ. ಹಾಗೆ ಮಾಡಿದರೆ ಅಷ್ಟೂ ಹಣ ಹೊರತೆಗೆದಂತೆ ಲೆಕ್ಕ, ತೆರಿಗೆ ಬೀಳುತ್ತದೆ.

ಲಿವಿಂಗ್ ಟ್ರಸ್ಟ್ ಮಾಡಿಸಿ ದಪ್ಪ ಬೈಂಡರನ್ನು ಬೀರುವಿನಲ್ಲಿಟ್ಟರೆ ಕೆಲಸ ಮುಗಿಯಲಿಲ್ಲ. ಟ್ರಸ್ಟಿನ ಹೆಸರಿಗೆ ವರ್ಗವಾದ ಆಸ್ತಿಗೆ ಮಾತ್ರ ಪ್ರೊಬೇಟ್ ತಪ್ಪುತ್ತದೆ. ಮನೆಗೆ ಹೊಸ ಡೀಡ್ (ಹಕ್ಕು ವರ್ಗಾವಣೆ ಪತ್ರ) ಬರೆಸಿ, ನೋಟರಿ ಮುಂದೆ ಸಹಿ ಮಾಡಿ, ಕೌಂಟಿ ರೆಕಾರ್ಡರ್ ಕಚೇರಿಯಲ್ಲಿ ದಾಖಲಿಸಬೇಕು. ಬ್ಯಾಂಕಿಗೂ ಬ್ರೋಕರೇಜಿಗೂ ಟ್ರಸ್ಟಿನ ಪ್ರಮಾಣಪತ್ರ ಕೊಟ್ಟು ಖಾತೆಯ ಹೆಸರು ಬದಲಾಯಿಸಬೇಕು. ಮನೆ ಸಾಲ ಇದ್ದರೆ ಹೆದರಬೇಕಾಗಿಲ್ಲ: ನೀವೇ ವಾಸವಿರುವ ಮನೆಯನ್ನು ನಿಮ್ಮದೇ ಲಿವಿಂಗ್ ಟ್ರಸ್ಟಿಗೆ ಹಾಕಿದರೆ ಬ್ಯಾಂಕು ಪೂರ್ತಿ ಸಾಲ ಕೂಡಲೇ ತೀರಿಸಿ ಎನ್ನುವಂತಿಲ್ಲ, 1982ರ ಫೆಡರಲ್ ಕಾನೂನು ಅದನ್ನು ತಡೆಯುತ್ತದೆ. ಮನೆಯ ವಿಮಾ ಕಂಪನಿಗೆ ತಿಳಿಸಿ ಪಾಲಿಸಿಯಲ್ಲಿ ಟ್ರಸ್ಟಿನ ಹೆಸರನ್ನೂ ಸೇರಿಸಿ, ಇಲ್ಲದಿದ್ದರೆ ಕ್ಲೇಮ್ ಸಮಯದಲ್ಲಿ ಮಾಲೀಕರು ಯಾರೆಂಬ ತಕರಾರು ಬರುತ್ತದೆ. ಕಂಪನಿ ಕೊಟ್ಟ ಷೇರುಗಳ ಖಾತೆಯನ್ನು ಸಾಮಾನ್ಯವಾಗಿ ಟ್ರಸ್ಟ್ ಹೆಸರಿಗೆ ಮಾಡಲಾಗದು. ನಿಮ್ಮ ಪಾಲಿಗೆ ಬಂದ ಷೇರುಗಳನ್ನು ಆಗಾಗ ಟ್ರಸ್ಟಿನ ಬ್ರೋಕರೇಜ್ ಖಾತೆಗೆ ದಾಟಿಸುತ್ತಿರಬೇಕು. ಮಕ್ಕಳ ಓದಿಗೆ ಉಳಿಸುವ 529 ಖಾತೆಗೆ ಮುಂದಿನ ಮಾಲೀಕರ ಹೆಸರು ಕೊಟ್ಟರೆ ಸಾಕು.

ಎಲ್ಲ ಸರಿಯಾಗಿ ಮಾಡಿದವರೂ ಎಡವುವುದು ರೀಫೈನಾನ್ಸ್ ಮಾಡಿದಾಗ, ಅಂದರೆ ಹಳೆಯ ಮನೆ ಸಾಲ ತೀರಿಸಿ ಹೊಸ ಸಾಲ ತೆಗೆದುಕೊಂಡಾಗ. ಸಾಲ ಕೊಡುವವರು ಮನೆಯನ್ನು ಟ್ರಸ್ಟಿನಿಂದ ಹೊರತೆಗೆದು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳುತ್ತಾರೆ. ವಾಪಸ್ ಹಾಕುವುದು ನಿಮ್ಮ ಜವಾಬ್ದಾರಿ, ಯಾರೂ ನೆನಪಿಸುವುದಿಲ್ಲ. ಬಡ್ಡಿ ಇಳಿದಾಗ ರೀಫೈನಾನ್ಸ್ ಮಾಡಿದವರು ಇವತ್ತೇ ಕೌಂಟಿ ದಾಖಲೆಯಲ್ಲಿ ಮನೆ ಯಾರ ಹೆಸರಲ್ಲಿದೆ ಎಂದು ನೋಡಿಕೊಳ್ಳಿ. ಹೀಗೆ ಬಿಟ್ಟುಹೋದ ಆಸ್ತಿಯನ್ನು ಕೊನೆಗೆ ಟ್ರಸ್ಟಿಗೆ ಸೇರಿಸುವುದು, ಟ್ರಸ್ಟಿನ ಜೊತೆಗೇ ಬರೆಸುವ ವಿಲ್; ಆದರೆ ಅದು ಪ್ರೊಬೇಟ್ ದಾಟಿಯೇ ಬರಬೇಕು.

ನಿಮ್ಮ ನಂತರ ಟ್ರಸ್ಟ್ ನಡೆಸುವವರು ಯಾರು ಅನ್ನುವುದು ನಮ್ಮವರು ತುಂಬ ಎಚ್ಚರದಿಂದ ನೋಡಬೇಕಾದ ವಿಷಯ. ಊರಲ್ಲಿರುವ ಅಣ್ಣನನ್ನೋ ತಂಗಿಯನ್ನೋ ಟ್ರಸ್ಟೀ ಮಾಡುವುದು ಸಹಜ. ಆದರೆ ಟ್ರಸ್ಟಿನ ಮುಖ್ಯ ತೀರ್ಮಾನಗಳು ತೆರಿಗೆ ಕಾನೂನಿನ ಲೆಕ್ಕದ ಅಮೆರಿಕದ ವ್ಯಕ್ತಿಯ (ಇಲ್ಲಿಯ ನಾಗರಿಕರು ಅಥವಾ ತೆರಿಗೆಗೆ ಇಲ್ಲಿಯ ನಿವಾಸಿ ಎನಿಸಿದವರು) ಕೈಯಲ್ಲಿ ಇಲ್ಲದಿದ್ದರೆ ಅದು ವಿದೇಶಿ ಟ್ರಸ್ಟ್ ಎನಿಸಿಕೊಳ್ಳುತ್ತದೆ. ಆಗ ತೆರಿಗೆ ಇಲಾಖೆಗೆ 3520, 3520-ಎ ಫಾರ್ಮುಗಳು, ತಡವಾದರೆ ಭಾರಿ ದಂಡ, ಜೊತೆಗೆ ಟ್ರಸ್ಟಿನ ಆಸ್ತಿಯ ಏರಿದ ಬೆಲೆಯ ಮೇಲೆ ತೆರಿಗೆ ಬೀಳುವ ಅಪಾಯ. ಒಬ್ಬರು ಇಲ್ಲಿ, ಒಬ್ಬರು ಅಲ್ಲಿ ಜಂಟಿ ಟ್ರಸ್ಟೀಗಳಾಗಿ, ಅಲ್ಲಿಯವರಿಗೆ ತೀರ್ಮಾನ ತಡೆಯುವ ಅಧಿಕಾರ ಇದ್ದರೂ ಇದೇ ಗತಿ. ಗೊತ್ತಿಲ್ಲದೆ ಹೀಗಾದರೆ ಸರಿಪಡಿಸಲು 12 ತಿಂಗಳ ಅವಕಾಶವಿದೆ. ಮಗುವನ್ನು ಸಾಕುವವರು ಊರಲ್ಲಿರಲಿ, ಹಣ ನೋಡಿಕೊಳ್ಳುವವರು ಇಲ್ಲಿರಲಿ. ಇಬ್ಬರೂ ಬೇರೆ ಬೇರೆಯಾಗಿದ್ದರೆ ಒಬ್ಬರ ಮೇಲೊಬ್ಬರ ಕಣ್ಣೂ ಇರುತ್ತದೆ. ಶಾಲೆ, ವೈದ್ಯರು, ಊಟ ಬಟ್ಟೆಯ ಖರ್ಚು ಸದಾ ಸಿಗುವಂತೆ, ಉಳಿದದ್ದು 25, 30, 35ನೇ ವಯಸ್ಸಿಗೆ ಮೂರು ಕಂತಿನಲ್ಲಿ ಮಕ್ಕಳ ಕೈಸೇರುವಂತೆ ಬರೆಸುವುದು ರೂಢಿ. ಸಾಕುವವರು ದೊಡ್ಡ ಮನೆಗೆ ಹೋಗಬೇಕಾದರೆ ಅದಕ್ಕೂ ಟ್ರಸ್ಟಿನಿಂದ ನೆರವು ಕೊಡಬಹುದು ಎಂದು ಸೇರಿಸಿ. ಸಾಕುವವರ ಇಬ್ಬರು ಮಕ್ಕಳಿರುವ ಎರಡು ಕೋಣೆಯ ಮನೆಗೆ ನಿಮ್ಮ ಇಬ್ಬರು ಮಕ್ಕಳೂ ಹೋಗಿ ಸೇರುವಾಗ ಆ ಒಂದು ಸಾಲು ತುಂಬ ಉಪಕಾರ ಮಾಡುತ್ತದೆ.

ತೆರಿಗೆ ಉಳಿಸಲು ಲಿವಿಂಗ್ ಟ್ರಸ್ಟ್ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನೀವಿರುವಷ್ಟು ದಿನ ಅದು ನಿಮ್ಮ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆಯಲ್ಲೇ ನಡೆಯುತ್ತದೆ, ಆದಾಯ ತೆರಿಗೆಯಲ್ಲಿ ವ್ಯತ್ಯಾಸವಿಲ್ಲ, ಸಾಲ ಕೊಟ್ಟವರಿಂದ ರಕ್ಷಣೆಯೂ ಇಲ್ಲ. ತೀರಿಕೊಂಡವರ ಆಸ್ತಿಯ ಮೇಲೆ ಬೀಳುವ ಫೆಡರಲ್ ಎಸ್ಟೇಟ್ ತೆರಿಗೆಗೆ 2026ರಲ್ಲಿ ಒಬ್ಬೊಬ್ಬರಿಗೆ 1.5 ಕೋಟಿ ಡಾಲರ್ ವಿನಾಯಿತಿ. ಇದು ನಾಗರಿಕರಿಗೆ ಮತ್ತು ಇಲ್ಲೇ ನೆಲೆಸುವ ಉದ್ದೇಶದಿಂದ ಇರುವವರಿಗೆ. ವಾಪಸ್ ಹೋಗುವ ಉದ್ದೇಶದಿಂದ ಎಚ್-1ಬಿ ಅಥವಾ ಎಲ್-1 ಕೆಲಸದ ವೀಸಾ ಮೇಲೆ ಇರುವವರ ಮೂಲನೆಲೆ ಭಾರತವೇ ಎಂದಾದರೆ ವಿನಾಯಿತಿ ಬರೀ 60,000 ಡಾಲರ್, ಅಮೆರಿಕದಲ್ಲಿರುವ ಮನೆ ಮತ್ತು ಅಮೆರಿಕದ ಕಂಪನಿಗಳ ಷೇರುಗಳೆಲ್ಲ ಲೆಕ್ಕಕ್ಕೆ. ಈ ತೆರಿಗೆಯ ಬಗ್ಗೆ ಎರಡು ದೇಶಗಳ ನಡುವೆ ಒಪ್ಪಂದವಿಲ್ಲ. ಅವರ ಸ್ವಂತ ಜೀವವಿಮೆಯ ಹಣ ಮಾತ್ರ ಈ ಲೆಕ್ಕದಿಂದ ಹೊರಗೆ, ಆದ್ದರಿಂದ ಇಂಥ ಕುಟುಂಬಕ್ಕೆ ಟರ್ಮ್ ವಿಮೆ ಬಹಳ ಮುಖ್ಯ. ಉಳಿದ ಸಂಗಾತಿ ಅಮೆರಿಕದ ನಾಗರಿಕರಲ್ಲದಿದ್ದರೆ, ಗಂಡ ಹೆಂಡತಿಯ ನಡುವಿನ ಮಿತಿಯಿಲ್ಲದ ವಿನಾಯಿತಿಯೂ ನೇರವಾಗಿ ಸಿಗದು, ಅದಕ್ಕೆಂದೇ ಬೇರೆ ಬಗೆಯ ಟ್ರಸ್ಟ್ ಬೇಕು. ಕೆಲವು ರಾಜ್ಯಗಳು ತಮ್ಮದೇ ತೆರಿಗೆಯನ್ನೂ ಹಾಕುತ್ತವೆ, ಆರೆಗಾನ್‌ನಲ್ಲಿ ಅದು 10 ಲಕ್ಷ ಡಾಲರ್ ಮೇಲೆಯೇ ಶುರು.

ಊರಿನ ಸೈಟು, ಫ್ಲ್ಯಾಟು, ಜಮೀನನ್ನು ಅಮೆರಿಕದ ಟ್ರಸ್ಟಿಗೆ ಹಾಕಲು ಹೋಗಬೇಡಿ. ಅಲ್ಲಿಯ ಸ್ಥಿರಾಸ್ತಿ ಕೈಬದಲಾಗಬೇಕಾದರೆ ನೋಂದಣಿ ಮತ್ತು ಸ್ಟಾಂಪ್ ಶುಲ್ಕ ಬೇಕು, ಭಾರತದ ವಿದೇಶಿ ವಿನಿಮಯ ಕಾನೂನಾದ ಫೆಮಾದ ನಿಯಮ ಅಡ್ಡ ಬರುತ್ತದೆ. ಭಾರತದ ಆಸ್ತಿಗೆ ಅಲ್ಲಿಯ ವಕೀಲರಿಂದ ಪ್ರತ್ಯೇಕ ವಿಲ್ ಬರೆಸಿ. ಇಬ್ಬರು ಸಾಕ್ಷಿಗಳು ಸಾಕು, ಸ್ಟಾಂಪ್ ಪೇಪರ್ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ. ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದರೆ ಮುಂದೆ ಖಾತೆ ಬದಲಾವಣೆ ಸಲೀಸು. ಸಾಕ್ಷಿಗಳು ನಿಮಗಿಂತ ಚಿಕ್ಕವರಾಗಿದ್ದು ಊರಲ್ಲೇ ಇರುವವರಾಗಿರಲಿ. ಇಲ್ಲೊಂದು ಅಪಾಯಕಾರಿ ಸಾಲಿದೆ. ಸಿದ್ಧ ನಮೂನೆಗಳಲ್ಲಿ "ಈ ಹಿಂದಿನ ಎಲ್ಲ ವಿಲ್‌ಗಳನ್ನು ರದ್ದುಪಡಿಸಿದ್ದೇನೆ" ಎಂದಿರುತ್ತದೆ. ಹಾಗೇ ಬಿಟ್ಟರೆ ಭಾರತದ ವಿಲ್ ಅಮೆರಿಕದ್ದನ್ನೂ ಅಳಿಸಿಹಾಕಬಹುದು. "ಇದು ಭಾರತದಲ್ಲಿರುವ ಆಸ್ತಿಗೆ ಮಾತ್ರ, ಅಮೆರಿಕದ ಆಸ್ತಿಯ ವಿಲ್ ಅನ್ನು ರದ್ದುಮಾಡುವುದಿಲ್ಲ" ಎಂದು ಬರೆಸಿ, ಇಲ್ಲಿಯ ವಿಲ್‌ನಲ್ಲೂ ಇದೇ ರೀತಿ. ಪಿತ್ರಾರ್ಜಿತ ಆಸ್ತಿಯಲ್ಲಿ ನಿಮ್ಮ ಪಾಲನ್ನಷ್ಟೇ ಬರೆಯಬಹುದು. ವಿಲ್ ಇಲ್ಲದೆ ಹಿಂದೂ ಗಂಡಸು ತೀರಿಕೊಂಡರೆ ಅಲ್ಲಿಯ ಅವನ ಆಸ್ತಿಯಲ್ಲಿ ಹೆಂಡತಿ, ಮಕ್ಕಳ ಜೊತೆ ತಾಯಿಗೂ ಸಮಪಾಲು. ಷೇರುಗಳಿಗೆ ನಾಮಿನಿ ಮಾಡಿದರೆ ಸಾಕು ಎಂದುಕೊಂಡವರು ಸುಪ್ರೀಂ ಕೋರ್ಟಿನ 2023ರ ತೀರ್ಪು ನೆನಪಿಡಿ: ನಾಮಿನಿ ಅದರ ಮಾಲೀಕನಲ್ಲ.

ಟ್ರಸ್ಟ್ ಮಾಡಿಸುವಾಗಲೇ ಹಣಕಾಸಿನ ಪವರ್ ಆಫ್ ಅಟಾರ್ನಿ ಮತ್ತು ಆರೋಗ್ಯದ ಅಧಿಕಾರ ಪತ್ರವನ್ನೂ ಮುಗಿಸಿಬಿಡಿ, ಹೆಚ್ಚಿನ ವಕೀಲರು ಒಟ್ಟಿಗೇ ಕೊಡುತ್ತಾರೆ. ಮಗನೋ ಮಗಳೋ 18 ದಾಟಿದ ಮೇಲೆ ಅವರ ಆಸ್ಪತ್ರೆಯ ವಿವರ ಕೇಳುವ ಹಕ್ಕು ನಿಮಗೆ ತಾನಾಗಿ ಇರುವುದಿಲ್ಲ. ಅವರದೇ ಸಹಿಯ ಆರೋಗ್ಯ ಅಧಿಕಾರ ಪತ್ರ ಬೇಕು, ಕಾಲೇಜು ಬೇರೆ ರಾಜ್ಯದಲ್ಲಿದ್ದರೆ ಆ ರಾಜ್ಯದ ನಮೂನೆಯಲ್ಲೂ ಒಂದು ಮಾಡಿಸಿ.