ಹಿಂಬದಿ ಚಕ್ರದ ಬ್ರೇಕ್ ಡಿಸ್ಕ್ ಬದಲಾವಣೆ: ಮೆಕ್ಯಾನಿಕ್ ಅಣ್ಣನಿಗೆ ಪ್ರಶ್ನೆಗಳು (ಚಿಕ್ಕಬಳ್ಳಾಪುರ ಕಾರ್ ಗುಂಪು)

ಚಿಂತಾಮಣಿ ಸದಸ್ಯ: ಅಣ್ಣ, ಹಿಂದಿನ ಎರಡೂ ಡಿಸ್ಕ್, ಪ್ಯಾಡ್ ಹೊಸದು ಹಾಕಿದ್ವಿ. ಹ್ಯಾಂಡ್‌ಬ್ರೇಕ್ ಕೇಬಲ್ ಕ್ಯಾಲಿಪರಿಗೇ (ಪ್ಯಾಡನ್ನ ಡಿಸ್ಕಿಗೆ ಒತ್ತೋ ಭಾಗ) ಬರುತ್ತೆ. ಅದರ ಪಿಸ್ಟನ್ ಒಳಕ್ಕೆ ಹೋಗ್ಲಿಲ್ಲ ಅಂತ ಸಿ-ಕ್ಲ್ಯಾಂಪ್ ಹಾಕಿ ಒತ್ತಿದ್ವಿ. ಈಗ ಬಲಗಡೆ ಚಕ್ರ ಕೈ ಇಡೋಕಾಗದಷ್ಟು ಸುಡುತ್ತೆ. ನಾಳೆ ನಂದಿ ಬೆಟ್ಟಕ್ಕೆ ಹೋಗ್ಬಹುದಾ?

ಮೆಕ್ಯಾನಿಕ್: ಬೇಡ. ಆ ಪಿಸ್ಟನ್ ಬರೀ ಒತ್ತೋದಲ್ಲ, ಒಳಗೆ ಸ್ಕ್ರೂ ಇದೆ. ತಿರುಗಿಸ್ತಾ ಒತ್ತೋ ಟೂಲ್ ಬೇಕು. ಬಲವಂತ ಮಾಡಿದ್ರೆ ಹ್ಯಾಂಡ್‌ಬ್ರೇಕ್ ತಾನಾಗಿ ಅಡ್ಜಸ್ಟ್ ಆಗೋ ಭಾಗವೇ ಹಾಳು. ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದೆ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಹ್ಯಾಂಡ್‌ಬ್ರೇಕ್ ಬಿಟ್ಟು ಚಕ್ರ ಕೈಯಲ್ಲಿ ತಿರುಗಿಸಿ. ಬಿಗಿಯಿದ್ರೆ ಕ್ಯಾಲಿಪರ್ ಮೇಲಿನ ಲಿವರ್ ಪೂರ್ತಿ ವಾಪಸ್ ಬಂದಿದೆಯಾ ನೋಡಿ. ಬಂದಿಲ್ಲಾಂದ್ರೆ ಕೇಬಲ್ ಕಳಚಿ. ಆಗ ಬಂದ್ರೆ ತಪ್ಪು ಕೇಬಲಿಂದು. ಲಿವರ್ ಸರಿಯಿದ್ರೆ ಕ್ಯಾಲಿಪರ್ ಸರಿದಾಡೋ ಗೈಡ್ ಪಿನ್ ಬಿಚ್ಚಿ ಒರೆಸಿ ಸಿಲಿಕೋನ್ ಗ್ರೀಸ್ ಹಚ್ಚಿ. ಬೇರಿಂಗ್ ಗ್ರೀಸ್ ಹಚ್ಚಿದ್ರೆ ರಬ್ಬರ್ ಉಬ್ಬಿ ಪಿನ್ ಮತ್ತೆ ಹಿಡಿಯುತ್ತೆ. ಎಷ್ಟೋ ಮಾದರಿಯಲ್ಲಿ ಪ್ಯಾಡಿನ ಬೆನ್ನ ಮೇಲಿನ ಮೊಳೆ ಪಿಸ್ಟನ್ ಮುಖದ ಕಚ್ಚಿನಲ್ಲಿ ಕೂರಬೇಕು, ತಪ್ಪಿದ್ರೆ ಪ್ಯಾಡ್ ಓರೆಯಾಗಿ ಉಜ್ಜುತ್ತೆ. ಕೊನೆಗೆ ಬ್ಲೀಡರ್ ನಿಪ್ಪಲ್ (ಕ್ಯಾಲಿಪರಿಂದ ಆಯಿಲ್, ಗಾಳಿ ಹೊರಬಿಡೋದು) ಸ್ವಲ್ಪ ಸಡಿಲಿಸಿ. ಚಕ್ರ ತಕ್ಷಣ ಬಿಟ್ಟುಕೊಂಡ್ರೆ ಬ್ರೇಕ್ ಆಯಿಲ್ ಹೋಸ್ ಒಳಗೆ ಕಟ್ಟಿದೆ. ಈ ಬಿಸಿಯಲ್ಲೇ ಬೆಟ್ಟ ಇಳಿದ್ರೆ ಆಯಿಲ್ ಕುದ್ದು ಪೆಡಲ್ ನೆಲಕ್ಕೆ ಹೋಗುತ್ತೆ. ಹೊಸ ಡಾಟ್ 4 ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ತಡೆಯುತ್ತೆ, ನೀರು ಹೀರಿದ್ದು 155ಕ್ಕೇ ಕುದಿಯಬಹುದು.

ಶಿಡ್ಲಘಟ್ಟ ಸದಸ್ಯ: ಬಟನ್ ಹ್ಯಾಂಡ್‌ಬ್ರೇಕ್ ಕಾರಲ್ಲಿ?

ಮೆಕ್ಯಾನಿಕ್: ಸ್ಕ್ಯಾನರಲ್ಲಿ ಸರ್ವೀಸ್ ಮೋಡ್ (ಬ್ರೇಕ್ ಮೋಟರನ್ನ ಹಿಂದಕ್ಕೆ ತೆಗೆಸೋದು) ಹಾಕದೆ ಮುಟ್ಟಬೇಡಿ.

ಬಾಗೇಪಲ್ಲಿ ಸದಸ್ಯ: ಹಳೇ ಡಿಸ್ಕ್ ಬರ್ತಿಲ್ಲ ಸಾರ್. ಸುತ್ತಿಗೆಯಲ್ಲಿ ಹೊಡೆದು ಸಾಕಾಯ್ತು.

ಮೆಕ್ಯಾನಿಕ್: ಹ್ಯಾಂಡ್‌ಬ್ರೇಕ್ ಬಿಟ್ಟಿದ್ದೀರಾ? ಡಿಸ್ಕನ್ನ ಹಬ್ಬಿಗೆ (ಡಿಸ್ಕ್ ಕೂರೋ ಭಾಗ) ಹಿಡಿದಿರೋ ಸಣ್ಣ ಸ್ಕ್ರೂ ತೆಗೆದ್ರಾ? ಡಿಸ್ಕ್ ಮುಖದಲ್ಲಿ ತ್ರೆಡ್ ಇರೋ ಎರಡು ತೂತಿದ್ರೆ ಬೋಲ್ಟ್ ಹಾಕಿ (ಹೆಚ್ಚಾಗಿ 8 ಎಂಎಂ), ಒಂದೊಂದೇ ಸುತ್ತು ಸಮವಾಗಿ ಬಿಗೀರಿ, ತಾನೇ ಕಳಚುತ್ತೆ. ಆಮೇಲೆ ಹಬ್ ಮುಖದ ತುಕ್ಕನ್ನ ವೈರ್ ಬ್ರಷ್ಷಲ್ಲಿ ಪೂರ್ತಿ ಉಜ್ಜಿ. ಚೂರು ಉಳಿದ್ರೂ ಹೊಸ ಡಿಸ್ಕ್ ಓಲಾಡುತ್ತೆ. ಕ್ಯಾಲಿಪರನ್ನ ಹೋಸಿಗೆ ನೇತು ಹಾಕ್ಬೇಡಿ, ತಂತಿ ಕಟ್ಟಿ.

ಗೌರಿಬಿದನೂರು ಸದಸ್ಯ: ಫಾರ್ವರ್ಡ್ ಬಂದಿದೆ: ‘ಬ್ರೇಕ್ ಕಿರಿಚಿದ್ರೆ ಡಿಸ್ಕಿಗೆ ಎರಡು ಹನಿ ಕೊಬ್ಬರಿ ಎಣ್ಣೆ, ಬೆಟ್ಟ ಇಳಿದ ಮೇಲೆ ತಣ್ಣೀರು’.

ಮೆಕ್ಯಾನಿಕ್: ಹೊಸ ಡಿಸ್ಕಿಗೆ ಕಂಪನಿ ಹಚ್ಚಿರೋ ಎಣ್ಣೆಯನ್ನೇ ಬ್ರೇಕ್ ಕ್ಲೀನರಲ್ಲಿ ತೊಳೆದು ಹಾಕೋದು. ನೀವು ಮೇಲಿಂದ ಒಗ್ಗರಣೆ ಕೊಡ್ತೀರಾ? ಎಣ್ಣೆ ಕುಡಿದ ಪ್ಯಾಡ್ ಕಸಕ್ಕೆ. ಕಾದ ಡಿಸ್ಕಿಗೆ ನೀರು ಬಿದ್ರೆ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಇಂಥವನ್ನ ಇಲ್ಲಿ ಹಾಕ್ಬೇಡಿ.

ಗೌರಿಬಿದನೂರು ಸದಸ್ಯ: ಕೇಳಿದ್ದಷ್ಟೇ. ಹೊಸ ಡಿಸ್ಕ್ ಯಾಕೆ, ಹಳೇದನ್ನೇ ಲೇತಲ್ಲಿ ನಯ ಮಾಡಿಸಿದ್ರೆ ಸಾಕಲ್ವಾ?

ಗುಡಿಬಂಡೆ ಸದಸ್ಯ: ಹಿಂದಿನ ಡಿಸ್ಕ್ ಮೊದಲೇ ತೆಳ್ಳಗೆ. ‘ಮಿನಿಮಮ್’ ಅಂತ ಅಚ್ಚಾಗಿರೋ ದಪ್ಪಕ್ಕಿಂತ ಕೆಳಗೆ ಹೋಗಂಗಿಲ್ಲ. ಮೈಕ್ರೋಮೀಟರ್ ಇಟ್ಟು ನೋಡಿದ್ದೀರಾ?

ಗೌರಿಬಿದನೂರು ಸದಸ್ಯ: ಸ್ಪೇರ್ ಪಾರ್ಟ್ಸ್ ಮಾರೋರು ಹೀಗೇ ಹೇಳೋದು.

ಗುಡಿಬಂಡೆ ಸದಸ್ಯ: ನಾನು ಮಾರೋದು ಟ್ರ್ಯಾಕ್ಟರ್ ಟೈರು. ಅಳತೆ ಕೇಳಿದ್ರೆ ವ್ಯಾಪಾರನಾ?

ಗೌರಿಬಿದನೂರು ಸದಸ್ಯ: ನಮ್ಮೂರಲ್ಲಿ ಎಲ್ರೂ ಲೇತಿಗೇ ಕೊಡೋದು, ಗೊತ್ತಾ?

ಮಂಚೇನಹಳ್ಳಿ ಸದಸ್ಯ: ಸಾರ್, ಪಿಸ್ಟನ್ ಒಳಗೆ ಹೋಗ್ತಿಲ್ಲ, ಏನ್ಮಾಡ್ಲಿ?

ಮೆಕ್ಯಾನಿಕ್: ಮೇಲೆ ಓದಿ.

ಚಿಂತಾಮಣಿ ಸದಸ್ಯ: ಅಣ್ಣ, ಕೇಬಲ್ ಕಳಚಿದ್ರೂ ಲಿವರ್ ವಾಪಸ್ ಬರ್ತಿಲ್ಲ.

ಮೆಕ್ಯಾನಿಕ್: ಕ್ಯಾಲಿಪರೇ ಒಳಗೆ ಹಿಡಿದಿದೆ. ಬದಲಾಯಿಸಿ, ಬ್ರೇಕ್ ಲೈನಿನ ಗಾಳಿ ತೆಗೀರಿ. ಸುಟ್ಟ ಪ್ಯಾಡ್ ಮತ್ತೆ ಹಾಕ್ಬೇಡಿ, ಎರಡೂ ಕಡೆ ಹೊಸದು. ಪೆಡಲ್ ಗಟ್ಟಿಯಾಗೋವರೆಗೂ ಒತ್ತಿ, ಆಮೇಲೆ ಗಾಡಿ ತೆಗೀರಿ. ಲೇತ್ ಜಗಳದೋರು ಬೇರೆ ಗುಂಪು ಮಾಡ್ಕೊಳ್ಳಿ.