ಅಪ್‌ಡೇಟ್: ಕಾರ್ಕ್ ಮುರಿದ ಬಾಟಲಿಯ ವಿಸ್ಕಿ ಉಳಿಯಿತು

ಹತ್ತು ವರ್ಷ ಜೋಪಾನವಾಗಿಟ್ಟಿದ್ದ ಸಿಂಗಲ್ ಮಾಲ್ಟ್ (ಒಂದೇ ಭಟ್ಟಿಯಲ್ಲಿ ಮೊಳಕೆ ಬಾರ್ಲಿಯಿಂದ ತಯಾರಾದ ವಿಸ್ಕಿ) ಬಾಟಲಿಯನ್ನು ತೆರೆಯುವಾಗ ಕಾರ್ಕ್ ಮುರಿದು ಅರ್ಧ ಭಾಗ ಕುತ್ತಿಗೆಯಲ್ಲೇ ಸಿಕ್ಕಿಕೊಂಡಿದೆ, ಏನು ಮಾಡಲಿ ಎಂದು ಕಳೆದ ವಾರ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ಹಲವರು ಸೂಚಿಸಿದ್ದ ವೈನ್ ತಿರುಪು ನನಗೆ ನೆರವಾಗಲಿಲ್ಲ. ಕಾರ್ಕ್ ನೆನೆದ ರಸ್ಕಿನಂತಾಗಿದ್ದರಿಂದ ತಿರುಪು ಇಳಿದಷ್ಟೂ ಪುಡಿಯೇ ಉದುರಿತು. ಕೈಹಿಡಿದದ್ದು, ತುಂಡನ್ನು ಒಳಕ್ಕೇ ತಳ್ಳಿ ವಿಸ್ಕಿಯನ್ನು ಸೋಸಿಬಿಡಿ ಎಂದ ಹಿರಿಯರೊಬ್ಬರ ಸಲಹೆ. ಚಹಾ ಸೋಸುವ ಜರಡಿಯಲ್ಲಿ ಸಣ್ಣ ಪುಡಿ ನಿಲ್ಲಲಿಲ್ಲ. ಬಿಸಿನೀರಿನಲ್ಲಿ ತೊಳೆದ ಕಾಫಿ ಫಿಲ್ಟರ್ ಕಾಗದವನ್ನು ಆಲಿಕೆಯಲ್ಲಿಟ್ಟು ಹನಿಹನಿಯಾಗಿ ಇಳಿಸಿದಾಗ, ಮುಕ್ಕಾಲು ಗಂಟೆ ಹಿಡಿದರೂ, ಜೇನುಬಣ್ಣದ ವಿಸ್ಕಿ ತಿಳಿಯಾಗಿ ದೊರೆಯಿತು. ಮನೆಯವರ ಗೊಣಗಾಟದ ನಡುವೆಯೂ ಎಸೆಯದೆ ಇಟ್ಟುಕೊಂಡಿದ್ದ ಅಮೃತ್ ಫ್ಯೂಷನ್ ಎಂಬ ವಿಸ್ಕಿಯ ಖಾಲಿ ಬಾಟಲಿ, ಅದರ ಕಾರ್ಕ್ ಸಮೇತ, ಈಗ ಉಪಯೋಗಕ್ಕೆ ಬಂದಿದೆ.

ತಪ್ಪು ನನ್ನದೇ ಎಂಬುದು ಆಮೇಲೆ ತಿಳಿಯಿತು. ವೈನಿನಂತೆ ಇದನ್ನೂ ಮಲಗಿಸಿಟ್ಟಿದ್ದೆ. ವೈನಿನಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ಶೇ 12ರಿಂದ 14ರಷ್ಟಿದ್ದರೆ, ಸ್ಕಾಚ್ ವಿಸ್ಕಿಯಲ್ಲಿ ಶೇ 40ಕ್ಕಿಂತ ಕಡಿಮೆ ಇರುವಂತಿಲ್ಲ. ಅಷ್ಟು ತೀಕ್ಷ್ಣವಾದ ಮದ್ಯ ವರ್ಷಗಟ್ಟಲೆ ತಾಗಿಕೊಂಡಿದ್ದರೆ ಕಾರ್ಕ್ ಶಿಥಿಲವಾಗುತ್ತದೆ. ಆದ್ದರಿಂದ ವಿಸ್ಕಿ ಬಾಟಲಿಯನ್ನು ನಿಲ್ಲಿಸಿಯೇ ಇಡಬೇಕು, ಕಾರ್ಕ್ ಪೂರ್ತಿ ಒಣಗದಂತೆ ಆಗೊಮ್ಮೆ ಈಗೊಮ್ಮೆ ಕ್ಷಣಕಾಲ ಓರೆ ಮಾಡಿದರೆ ಸಾಕು. ಇನ್ನೊಂದು ಸಂಗತಿ ನನ್ನನ್ನು ಸ್ವಲ್ಪ ನಿರಾಶೆಗೊಳಿಸಿತು: ವಿಸ್ಕಿ ಮಾಗುವುದು ಮರದ ಪೀಪಾಯಿಯಲ್ಲಿ ಮಾತ್ರ, ಹಾಗಾಗಿ 12 ವರ್ಷದ ಈ ಮಾಲ್ಟ್ ನನ್ನ ಕಪಾಟಿನಲ್ಲಿ ಹತ್ತು ವರ್ಷ ಕಳೆದರೂ 12 ವರ್ಷದ್ದೇ.

ಕಾರ್ಕಿನ ವಾಸನೆ ಸೇರಿರಬಹುದೆಂಬ ಅಂಜಿಕೆಯಿಂದಲೇ ಮೊದಲ ಗುಟುಕು ಕುಡಿದೆ. ಒಣದ್ರಾಕ್ಷಿ, ಸುಟ್ಟ ಸಕ್ಕರೆ, ಕೊನೆಯಲ್ಲಿ ತುಸು ಶುಂಠಿಯ ಖಾರ. ಬೇರೆ ಯಾವ ವಾಸನೆಯೂ ಇರಲಿಲ್ಲ.